ಸೇವಂತಿಗೆಯ ಹೊಲದಲ್ಲಿ ಇರುಳು ದೀಪ

ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಕಡೆ ರಾತ್ರಿ ಪ್ರಯಾಣ ಮಾಡುವವರಿಗೆ ಒಮ್ಮೊಮ್ಮೆ ವಿಚಿತ್ರ ನೋಟವೊಂದು ಕಾಣಸಿಗುತ್ತದೆ. ಊರೆಲ್ಲ ಮಲಗಿದ್ದರೂ ಸೇವಂತಿಗೆಯ ಹೊಲದಲ್ಲಿ ಸಾಲುಸಾಲಾಗಿ ದೀಪಗಳು ಉರಿಯುತ್ತಿರುತ್ತವೆ. ಅಲ್ಲಿ ಜಾತ್ರೆಯಿಲ್ಲ, ಮದುವೆಯಿಲ್ಲ. ಹಾಗಾದರೆ ಈ ಬೆಳಕು ಯಾರಿಗಾಗಿ? ಗಿಡಗಳಿಗಾಗಿಯೇ!

ಸೇವಂತಿಗೆಯು ಇರುಳಿನ ಉದ್ದವನ್ನು ಅಳೆಯಬಲ್ಲ ಸಸ್ಯ. ಇರುಳು ಸಾಕಷ್ಟು ದೀರ್ಘವಾದಾಗ ಅದು ಮೊಗ್ಗು ಕಟ್ಟುತ್ತದೆ. ಹಗಲಿರುಳುಗಳ ಉದ್ದಕ್ಕೂ ಹೂ ಬಿಡುವುದಕ್ಕೂ ಇರುವ ಈ ಸಂಬಂಧವನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಲೋಕಕ್ಕೆ ತಿಳಿಸಿದರು. ನಮ್ಮ ಸೀಮೆಯಲ್ಲಿ ವರ್ಷದ ಅತಿ ದೀರ್ಘವಾದ ಹಗಲು ಸಹ 13 ಗಂಟೆಗಳನ್ನು ಮುಟ್ಟುವುದಿಲ್ಲ. ಆದುದರಿಂದ ಅನೇಕ ತಳಿಗಳು ಎಳೆಯವಾಗಿರುವಾಗಲೇ ಮೊಗ್ಗು ತಳೆದುಬಿಡುತ್ತವೆ. ಕಾಂಡ ಗಿಡ್ಡವಾಗುತ್ತದೆ, ಹೂವು ಕಡಮೆಯಾಗುತ್ತದೆ. ದಸರಾ ದೀಪಾವಳಿಗಳಿಗೆ ಮೊದಲೇ ಅರಳಿದ ಹೂವಿಗೆ ತಕ್ಕ ಬೆಲೆಯೂ ಬಾರದು. ರೈತನ ದುಡಿಮೆ ವ್ಯರ್ಥವಾಗುತ್ತದೆ.

ಇರುಳಿನ ನಡುವೆ ಕೆಲವು ಗಂಟೆ ಬೆಳಕು ಕೊಟ್ಟರೆ ದೀರ್ಘವಾದ ಕತ್ತಲೆ ಎರಡು ತುಂಡಾಗುತ್ತದೆ. ಆಗ ಗಿಡವು ಮೊಗ್ಗನ್ನು ಮುಂದೂಡಿ ಬೆಳೆಯುತ್ತ ಹೋಗುತ್ತದೆ. ದೀಪ ನಿಲ್ಲಿಸಿದ ಮೇಲೆ ಮೊಗ್ಗಿಗೆ ತೊಡಗುತ್ತದೆ. ಈ ಬೆಳಕನ್ನು ಗುರುತಿಸುವುದು ಎಲೆಯಲ್ಲಿರುವ ಫೈಟೊಕ್ರೋಮ್ ಎಂಬ ವರ್ಣದ್ರವ್ಯ. ಅದರ ಮೇಲೆ ಹೆಚ್ಚು ಪರಿಣಾಮ ಬೀರುವುದು ಕೆಂಪು ಕಿರಣ.

ಹಳೆಯ ತಂತಿಯ ಬಲ್ಬಿನಲ್ಲಿ ಕೆಂಪು ಧಾರಾಳವಾಗಿತ್ತು. ಆದರೆ ವಿದ್ಯುತ್ತಿನ ಬಹುಭಾಗ ಶಾಖವಾಗಿ ಪೋಲಾಗುತ್ತಿತ್ತು. ಅದರ 60 ವಾಟ್ ಮಾಡುತ್ತಿದ್ದ ಕೆಲಸವನ್ನು ಇಂದು ಸುಮಾರು 9 ವಾಟಿನ ಎಲ್.ಇ.ಡಿ. ದೀಪ ಮಾಡುತ್ತದೆ. ಅದರೊಳಗಿನ ಅರೆವಾಹಕ ಹರಳು ಹೊರಸೂಸುವುದು ನೀಲಿ ಬೆಳಕನ್ನು. ಸಮರ್ಥವಾದ ನೀಲಿ ಎಲ್.ಇ.ಡಿ.ಯನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಎಂಬುವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹರಳಿನ ಮೇಲೆ ಫಾಸ್ಫರ್ ಎಂಬ ಪುಡಿಯ ಲೇಪವಿರುತ್ತದೆ. ಅದು ನೀಲಿಯ ಒಂದು ಭಾಗವನ್ನು ಹೀರಿ ಹಳದಿಯಾಗಿ ಮಾರ್ಪಡಿಸುತ್ತದೆ. ಎರಡೂ ಬೆರೆತು ತಣ್ಣನೆಯ ಬಿಳುಪಾಗುತ್ತದೆ. ಇದರೊಡನೆ ಕೆಂಪು ಸೂಸುವ ಪುಡಿಯನ್ನೂ ಬೆರೆಸಿದರೆ 2,700ರಿಂದ 3,000 ಕೆಲ್ವಿನ್ನಿನ ಬೆಚ್ಚನೆಯ ಬಿಳುಪು ಸಿದ್ಧ.

ಇಲ್ಲಿ ಒಂದು ಎಚ್ಚರಿಕೆ. ದೀಪದ ಪೆಟ್ಟಿಗೆಯ ಮೇಲೆ ಬರೆದಿರುವ ಲ್ಯೂಮೆನ್ ಎಂಬುದು ಮನುಷ್ಯನ ಕಣ್ಣಿಗೆ ಹೊಂದಿಸಿದ ಅಳತೆ. ನಮ್ಮ ಕಣ್ಣು ಹಸಿರು-ಹಳದಿಗೆ ಸೂಕ್ಷ್ಮ, ಕಡುಕೆಂಪಿಗೆ ಮಂದ. ಆದುದರಿಂದ ಲ್ಯೂಮೆನ್ ಹೆಚ್ಚಿರುವ ತಣ್ಣನೆಯ ದೀಪವು ಓದುವವನಿಗೆ ಲಾಭವೆನಿಸಬಹುದು. ಆದರೆ ಸೇವಂತಿಗೆಗೆ ಬೇಕಾದ ಕೆಂಪು ಬೆಚ್ಚನೆಯ ದೀಪದಲ್ಲಿಯೇ ಅಧಿಕ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಹಳೆಯ ಸಿ.ಡಿ. ತಟ್ಟೆಯೊಂದರಲ್ಲಿ ಎರಡು ಬಗೆಯ ದೀಪಗಳ ಪ್ರತಿಬಿಂಬವನ್ನು ಒಂದಾದ ಮೇಲೊಂದರಂತೆ ನೋಡಿರಿ. ಬಣ್ಣಗಳ ಪಟ್ಟಿಯಲ್ಲಿ ಕೆಂಪು ಎಲ್ಲಿ ಗಾಢವಾಗಿದೆಯೆಂದು ಹೋಲಿಸಿರಿ. ಕಣ್ಣಿಗೆ ಎರಡೂ ಬಿಳುಪೇ. ಗಿಡಕ್ಕೆ ಮಾತ್ರ ಅವು ಬೇರೆ ಬೇರೆ.