ಸ್ಕಿಜೋಫ್ರೇನಿಯಾಗೆ ಕೊಡುವುದು ಬರೀ ನಿದ್ದೆ ಮಾತ್ರೆಯೇ?

“ಮನೋವೈದ್ಯರು ಕೊಡೋದು ಬರೀ ನಿದ್ದೆ ಮಾತ್ರೆ. ನಮಗೆ ಗೊತ್ತಿರೋ ಹುಡುಗ ಮಾತ್ರೆ ಬಿಟ್ಟು ಎರಡು ತಿಂಗಳಾಯ್ತು, ಈಗ ಪೂರ್ತಿ ಆರಾಮ. ಎಲ್ಲರಿಗೂ ಕಳುಹಿಸಿ.”

ಈ ಧಾಟಿಯ ಮೆಸೇಜು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕಳುಹಿಸಿದವರ ಉದ್ದೇಶ ಕೆಟ್ಟದ್ದಲ್ಲ. ಹುಡುಗ ಆರಾಮಾಗಿದ್ದಾನೆ ಎನ್ನುವುದೂ ನಿಜವೇ ಇರಬಹುದು. ಆದರೆ ಆ ಎರಡು ತಿಂಗಳಿನಿಂದ ಮಾತ್ರೆಯ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಸ್ಕಿಜೋಫ್ರೇನಿಯಾ ಇದ್ದವರಿಗೆ ಯಾರೂ ಇಲ್ಲದಾಗಲೂ ದನಿಗಳು ಕೇಳಿಸಬಹುದು, ಯಾರೋ ತನಗೆ ಕೇಡು ಮಾಡುತ್ತಿದ್ದಾರೆ ಎಂಬ ನಂಬಿಕೆ ಗಟ್ಟಿಯಾಗಿ ಕೂರಬಹುದು, ಸ್ನಾನ, ಊಟ, ಮಾತುಕತೆ ಯಾವುದೂ ಬೇಡ ಅನ್ನಿಸಬಹುದು. ಕಾಯಿಲೆ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಮಾತ್ರೆ ಬಿಟ್ಟಾಗ ಮಂಪರು, ಕೈಕಾಲಿನ ಬಿಗಿತದಂಥ ಅಡ್ಡಪರಿಣಾಮಗಳು ಸಾಮಾನ್ಯವಾಗಿ ಮೊದಲು ಕಡಿಮೆಯಾಗುತ್ತವೆ. ಕಾಯಿಲೆ ಮರುಕಳಿಸುವುದಕ್ಕೆ ಎಷ್ಟೋ ಸಲ ತಿಂಗಳುಗಳೇ ಬೇಕು. ಈ ನಡುವಿನ ದಿನಗಳಲ್ಲಿ ಮನೆಯವರಿಗೆ “ಮಾತ್ರೆ ಬಿಟ್ಟಿದ್ದೇ ಒಳ್ಳೆಯದಾಯ್ತು” ಅನ್ನಿಸುವುದು ಸಹಜ. ಫಾರ್ವರ್ಡ್ ಹುಟ್ಟುವುದೂ ಆಗಲೇ.

ಹಾಗಾದರೆ ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದು ಹೇಗೆ? ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಔಷಧಿ, ಇನ್ನೊಂದಕ್ಕೆ ನೋಡಲು ಅದೇ ಥರ ಇರುವ ಖಾಲಿ ಮಾತ್ರೆ. ಯಾರಿಗೆ ಯಾವುದು ಸಿಕ್ಕಿದೆ ಎಂಬುದು ರೋಗಿಗೂ ಗೊತ್ತಿರುವುದಿಲ್ಲ, ಅಂಕ ಹಾಕುವವರಿಗೂ ಗೊತ್ತಿರುವುದಿಲ್ಲ. ಅಂಕ ಯಾಕೆ ಎಂದರೆ, ಈ ಕಾಯಿಲೆಯನ್ನು ಅಳೆಯಲು ಶುಗರ್ ಟೆಸ್ಟ್ ಥರದ ರಕ್ತಪರೀಕ್ಷೆ ಇಲ್ಲ. ತರಬೇತಿ ಪಡೆದವರು ರೋಗಿಯನ್ನು ಮಾತಾಡಿಸಿ ಅಂಕ ಕೊಡುತ್ತಾರೆ. ಹೆಚ್ಚು ಬಳಕೆಯಲ್ಲಿರುವ ‘ಪ್ಯಾನ್ಸ್’ ಎಂಬ ಅಳತೆಗೋಲಿನಲ್ಲಿ 30 ಲಕ್ಷಣಗಳಿವೆ, ಪ್ರತಿಯೊಂದಕ್ಕೂ 1ರಿಂದ 7.

ನಿದ್ದೆ ಮಾತ್ರೆಯ ಅನುಮಾನ ಹೊಸದೇನಲ್ಲ. ಈ ಕಾಯಿಲೆಗೆ ಬಂದ ಮೊದಲ ಔಷಧಿ ಕ್ಲೋರ್‌ಪ್ರೊಮಝೀನ್, 1952ರಲ್ಲಿ ಪ್ಯಾರಿಸ್ಸಿನಲ್ಲಿ. ಕೆಲವೇ ವರ್ಷಗಳಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಅದನ್ನು ಫಿನೋಬಾರ್ಬಿಟಲ್ ಎಂಬ ಮಂಪರಿನ ಔಷಧಿಯ ಜೊತೆಗೂ, ಖಾಲಿ ಮಾತ್ರೆಯ ಜೊತೆಗೂ ಹೋಲಿಸಿ ನೋಡಿದರು. 1960ರಲ್ಲಿ ಫಲಿತಾಂಶ ಪ್ರಕಟವಾಯಿತು: ಕ್ಲೋರ್‌ಪ್ರೊಮಝೀನ್ ಗೆದ್ದಿತು, ಮಂಪರಿನ ಔಷಧಿ ಖಾಲಿ ಮಾತ್ರೆಯನ್ನು ಮೀರಿಸಲಿಲ್ಲ. ನಿದ್ದೆ ಬರಿಸುವುದೇ ಚಿಕಿತ್ಸೆಯಾಗಿದ್ದರೆ ಎರಡೂ ಗೆಲ್ಲಬೇಕಿತ್ತು.

ಇನ್ನು ಮಾತ್ರೆ ಬಿಟ್ಟ ಹುಡುಗನ ವಿಷಯ. 2012ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ 65 ಪ್ರಯೋಗಗಳನ್ನು, ಅಂದರೆ ಸುಮಾರು 6,500 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯನ್ನು ಪ್ರಕಟಿಸಿತು. ಔಷಧಿಯಿಂದ ಸುಧಾರಿಸಿದ್ದವರಲ್ಲಿ ಕೆಲವರಿಗೆ ಅದನ್ನೇ ಮುಂದುವರಿಸಿ, ಉಳಿದವರಿಗೆ ಖಾಲಿ ಮಾತ್ರೆ ಕೊಟ್ಟಿದ್ದ ಪ್ರಯೋಗಗಳು ಇವು. ಒಂದು ವರ್ಷದೊಳಗೆ ಖಾಲಿ ಮಾತ್ರೆಯವರಲ್ಲಿ ನೂರಕ್ಕೆ 64 ಮಂದಿಗೆ ಕಾಯಿಲೆ ಮರುಕಳಿಸಿತು. ಔಷಧಿ ಮುಂದುವರಿಸಿದವರಲ್ಲಿ 27 ಮಂದಿಗೆ.

ಈ ಲೆಕ್ಕವನ್ನು ಇನ್ನೊಮ್ಮೆ ಓದಿ. ಔಷಧಿ ಇಲ್ಲದೆಯೂ ವರ್ಷವಿಡೀ ನೆಟ್ಟಗಿದ್ದವರು ನೂರಕ್ಕೆ 36 ಮಂದಿ! ಫಾರ್ವರ್ಡಿನ ಹುಡುಗ ಅವರಲ್ಲೊಬ್ಬನಿರಬಹುದು. ತೊಂದರೆ ಏನೆಂದರೆ, ಆ 36ರಲ್ಲಿ ಯಾರು ಸೇರುತ್ತಾರೆ, 64ರಲ್ಲಿ ಯಾರು ಸೇರುತ್ತಾರೆ ಎಂದು ಮೊದಲೇ ಖಚಿತವಾಗಿ ಹೇಳಲು ಆಗುವುದಿಲ್ಲ. ಆ 64 ಮನೆಗಳಿಂದ ಯಾರೂ ಮೆಸೇಜು ಕಳುಹಿಸುವುದೂ ಇಲ್ಲ.

ಹಾಗಂತ ಮಾತ್ರೆಗಳಲ್ಲಿ ದೋಷವೇ ಇಲ್ಲ ಎಂದರೆ ಅದೂ ಸುಳ್ಳು. 2005ರಲ್ಲಿ ಪ್ರಕಟವಾದ ‘ಕೇಟಿ’ ಎಂಬ ಅಮೆರಿಕದ ದೊಡ್ಡ ಪ್ರಯೋಗದಲ್ಲಿ 18 ತಿಂಗಳೊಳಗೆ ನೂರಕ್ಕೆ 74 ರೋಗಿಗಳು ಮೊದಲು ಕೊಟ್ಟ ಔಷಧಿಯನ್ನು ನಿಲ್ಲಿಸಿದ್ದರು. (ಈ ಒಂದೇ ಸಾಲು ಇಟ್ಟುಕೊಂಡು ಎಷ್ಟು ಭಯಾನಕ ಫಾರ್ವರ್ಡ್ ಮಾಡಬಹುದು ಯೋಚಿಸಿ.) ನಿಲ್ಲಿಸಿದ್ದು ಆ ಒಂದು ಔಷಧಿಯನ್ನು, ಅದಾದ ಮೇಲೆ ಬೇರೊಂದನ್ನು ಕೊಟ್ಟು ನೋಡುವ ಹಂತಗಳೂ ಆ ಪ್ರಯೋಗದಲ್ಲೇ ಇದ್ದವು. ಓಲಾಂಜಪಿನ್ ಬಿಟ್ಟವರು ಎಲ್ಲಕ್ಕಿಂತ ಕಡಿಮೆ, ಆದರೆ ತೂಕ ಅತಿ ಹೆಚ್ಚು ಏರಿದ್ದೂ ಅದರಿಂದಲೇ. ಪರ್ಫೆನಝೀನ್ ಎಂಬ ಹಳೆಯ ಅಗ್ಗದ ಮಾತ್ರೆ ಹೊಸ ಔಷಧಿಗಳಲ್ಲಿ ಹೆಚ್ಚಿನವಕ್ಕೆ ಸರಿಸಮನಾಗಿ ನಿಂತಿತು. ದುಬಾರಿ ಎಂದ ಮಾತ್ರಕ್ಕೆ ಒಳ್ಳೆಯದು ಎಂದೇನಿಲ್ಲ.

ಆದ್ದರಿಂದ ಮನೆಯಲ್ಲಿ ಯಾರಾದರೂ “ಈ ಮಾತ್ರೆಯಿಂದ ದಪ್ಪಗಾದೆ, ಇಡೀ ದಿನ ತೂಕಡಿಕೆ” ಎಂದರೆ ಗದರಬೇಡಿ. ಅದನ್ನೇ ವೈದ್ಯರಿಗೆ ಹೇಳಿ. ತೂಕ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ. ಡೋಸ್ ಇಳಿಸಬಹುದೇ, ಔಷಧಿ ಬದಲಿಸಬಹುದೇ ಎಂದು ಕೇಳಿ. ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ವೈದ್ಯರು ದೂರವಿದ್ದರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.