ರಸ್ತೆತಡೆಯೋ, ಆಡಳಿತ ಮಂಡಳಿಯೋ? ಹವಾಮಾನ ಚಳವಳಿಯ ಜಮಾ-ಖರ್ಚು

ಭೂಮಿಯ ತಾಪಮಾನ ಏರಿಕೆಯನ್ನು ತಡೆಯಬೇಕೆಂಬ ವಿಷಯದಲ್ಲಿ ಇಂದು ಹೆಚ್ಚಿನ ಭಿನ್ನಾಭಿಪ್ರಾಯ ಉಳಿದಿಲ್ಲ. ಭಿನ್ನಾಭಿಪ್ರಾಯವಿರುವುದು ಮಾರ್ಗದ ಬಗ್ಗೆ. ರಸ್ತೆ ತಡೆದು, ತೈಲ ಉಗ್ರಾಣಗಳ ಬಾಗಿಲಿಗೆ ಅಡ್ಡ ಕುಳಿತು, ದೈನಂದಿನ ಜೀವನವನ್ನು ಅಸ್ತವ್ಯಸ್ತಗೊಳಿಸಿದ ಹೊರತು ಸರ್ಕಾರಗಳು ಎಚ್ಚರಗೊಳ್ಳುವುದಿಲ್ಲವೆಂಬುದು ಒಂದು ಪಕ್ಷದ ವಾದ. ಉದ್ಯಮದ ಒಳಗೇ ಇದ್ದು, ಷೇರುದಾರರಾಗಿ, ನಿರ್ದೇಶಕರಾಗಿ, ತಂತ್ರಜ್ಞರಾಗಿ ಬದಲಾವಣೆ ತರುವುದೇ ಫಲಕಾರಿಯೆಂಬುದು ಇನ್ನೊಂದು ಪಕ್ಷದ ವಾದ.

ನಮ್ಮ ವರ್ತಕ ಸಮುದಾಯಕ್ಕೆ ಬಂದ್ ಮತ್ತು ರಸ್ತೆತಡೆಗಳ ಪರಿಚಯ ಹೊಸದೇನಲ್ಲ. ಅಂಗಡಿಯ ಬಾಗಿಲು ಎಳೆದ ದಿನವೂ ಬಾಡಿಗೆ, ಬಡ್ಡಿ ಮತ್ತು ಸಂಬಳದ ಬಾಬುಗಳು ನಿಲ್ಲುವುದಿಲ್ಲ. ಆದ್ದರಿಂದ ನಮ್ಮ ಒಲವು ಸಹಜವಾಗಿಯೇ ಎರಡನೆಯ ಪಕ್ಷದ ಕಡೆಗಿರುತ್ತದೆ. ಆದರೆ ಒಲವು ಬೇರೆ, ಲೆಕ್ಕ ಬೇರೆ. ಎರಡೂ ಮಾರ್ಗಗಳನ್ನು ತೀವ್ರವಾಗಿ ಪ್ರಯೋಗಿಸಿ ನೋಡಿದ ದೇಶ ಬ್ರಿಟನ್. ಅಲ್ಲಿನ ಅನುಭವವನ್ನು ಮುಖ್ಯವಾಗಿಟ್ಟುಕೊಂಡು ಎರಡೂ ಖಾತೆಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬೀದಿಯ ಖಾತೆ

'ಎಕ್ಸ್‌ಟಿಂಕ್ಷನ್ ರೆಬೆಲಿಯನ್' ಎಂಬ ಸಂಘಟನೆ 2018ರ ಅಕ್ಟೋಬರ್ 31ರಂದು ಲಂಡನ್ನಿನ ಸಂಸತ್ ಚೌಕದಲ್ಲಿ ತನ್ನ ಬಂಡಾಯವನ್ನು ಘೋಷಿಸಿತು. 2019ರ ಏಪ್ರಿಲ್‌ನಲ್ಲಿ ಅದರ ಕಾರ್ಯಕರ್ತರು ವಾಟರ್ಲೂ ಸೇತುವೆ, ಆಕ್ಸ್‌ಫರ್ಡ್ ಸರ್ಕಸ್ ಮೊದಲಾದ ಸ್ಥಳಗಳನ್ನು ದಿನಗಟ್ಟಲೆ ತಡೆದರು. ಸಾವಿರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಅದೇ ವರ್ಷದ ಮೇ 1ರಂದು ಬ್ರಿಟಿಷ್ ಸಂಸತ್ತಿನ ಕೆಳಮನೆಯು ಹವಾಮಾನ ತುರ್ತು ಪರಿಸ್ಥಿತಿಯ ಗೊತ್ತುವಳಿಯನ್ನು ಅಂಗೀಕರಿಸಿತು. ಜೂನ್‌ನಲ್ಲಿ, 2050ರೊಳಗೆ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕೆ ಇಳಿಸುವ ಗುರಿ ಕಾನೂನಾಯಿತು.

ಮೇಲ್ನೋಟಕ್ಕೆ ಇದು ಬೀದಿಯ ದಿಗ್ವಿಜಯದಂತೆ ಕಾಣುತ್ತದೆ. ಆದರೆ ಯಾವ ನಮೂದು ಯಾವ ಅವಧಿಗೆ ಸೇರಬೇಕೆಂಬುದನ್ನು ಲೆಕ್ಕಪರಿಶೋಧಕನು ಮೊದಲು ನೋಡಬೇಕಾಗುತ್ತದೆ. ಶೂನ್ಯ ಗುರಿಯ ಬಗ್ಗೆ ಸಲಹೆ ನೀಡುವಂತೆ ಸರ್ಕಾರವು ತನ್ನ ಹವಾಮಾನ ಸಮಿತಿಯನ್ನು ಕೋರಿದ್ದು 2018ರ ಅಕ್ಟೋಬರ್ ಮಧ್ಯಭಾಗದಲ್ಲಿ, ಅಂದರೆ ಬಂಡಾಯದ ಘೋಷಣೆಗೂ ಎರಡು ವಾರ ಮೊದಲು. ಪ್ರತಿಭಟನೆಯು ಆ ಸಲಹೆಯ ಅಂಗೀಕಾರವನ್ನು ಸುಗಮಗೊಳಿಸಿತೆಂದು ಹೇಳಬಹುದು. ಅದನ್ನು ಹುಟ್ಟಿಸಿತೆಂದು ಹೇಳಲಾಗದು.

ಖರ್ಚಿನ ಬಾಬು ಕೂಡ ಸಣ್ಣದಲ್ಲ. 2019ರ ಅಕ್ಟೋಬರ್‌ನಲ್ಲಿ ಪೂರ್ವ ಲಂಡನ್ನಿನ ಕ್ಯಾನಿಂಗ್ ಟೌನ್ ನಿಲ್ದಾಣದಲ್ಲಿ ರೈಲಿನ ಮೇಲೇರಿದ ಕಾರ್ಯಕರ್ತರನ್ನು ಕೆಲಸಕ್ಕೆ ಹೊರಟಿದ್ದ ಪ್ರಯಾಣಿಕರೇ ಕೆಳಗೆಳೆದು ಹಾಕಿದರು. 2022ರಲ್ಲಿ ಆರಂಭವಾದ 'ಜಸ್ಟ್ ಸ್ಟಾಪ್ ಆಯಿಲ್' ಗುಂಪು ತೈಲ ಉಗ್ರಾಣಗಳನ್ನು ತಡೆಯಿತು, ವ್ಯಾನ್ ಗೋ ಚಿತ್ರದ ಗಾಜಿನ ಮೇಲೆ ಸೂಪ್ ಎರಚಿತು, ಲಂಡನ್ ಸುತ್ತಲಿನ ಎಂ-25 ಹೆದ್ದಾರಿಯನ್ನು ಸ್ಥಗಿತಗೊಳಿಸಿತು. ಸರ್ಕಾರವು 2022 ಮತ್ತು 2023ರಲ್ಲಿ ಪ್ರತಿಭಟನೆಗಳ ಮೇಲೆ ಕಠಿಣ ಕಾನೂನುಗಳನ್ನು ತಂದಿತು. 2024ರ ಜುಲೈನಲ್ಲಿ ಹೆದ್ದಾರಿ ತಡೆಯ ಸಂಚಿಗಾಗಿ ಒಬ್ಬರಿಗೆ ಐದು ವರ್ಷ, ನಾಲ್ವರಿಗೆ ತಲಾ ನಾಲ್ಕು ವರ್ಷ ಸೆರೆವಾಸ ವಿಧಿಸಲಾಯಿತು. ಮೇಲ್ಮನವಿಯಲ್ಲಿ ಕೆಲವು ಶಿಕ್ಷೆಗಳು ಕಡಿಮೆಯಾದವು. ಅದೇ ತಿಂಗಳು ಅಧಿಕಾರಕ್ಕೆ ಬಂದ ಲೇಬರ್ ಪಕ್ಷದ ಪ್ರಣಾಳಿಕೆಯಲ್ಲಿ ಹೊಸ ತೈಲ ಪರವಾನಗಿ ನೀಡುವುದಿಲ್ಲವೆಂಬ ಭರವಸೆಯಿತ್ತು. ತಮ್ಮ ಬೇಡಿಕೆ ಈಡೇರಿತೆಂದು ಹೇಳಿ ಗುಂಪು 2025ರ ಏಪ್ರಿಲ್‌ನಲ್ಲಿ ಬೀದಿ ಹೋರಾಟವನ್ನು ಮುಗಿಸಿತು.

ಗಮನಾರ್ಹ ಸಂಗತಿಯೊಂದಿದೆ. ಈ ಗುಂಪನ್ನು ಬಹುಸಂಖ್ಯಾತ ಬ್ರಿಟಿಷರು ಮೆಚ್ಚಲಿಲ್ಲ. ಆದರೂ 2022ರ ಹೆದ್ದಾರಿ ತಡೆಯ ನಂತರ 'ಫ್ರೆಂಡ್ಸ್ ಆಫ್ ದಿ ಅರ್ಥ್' ಎಂಬ ಸೌಮ್ಯ ಸಂಸ್ಥೆಯ ಬಗೆಗಿನ ಬೆಂಬಲ ಸ್ವಲ್ಪ ಹೆಚ್ಚಿತೆಂದು 2024ರಲ್ಲಿ 'ನೇಚರ್ ಸಸ್ಟೈನಬಿಲಿಟಿ' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಅಂದರೆ ಬೈಗುಳ ಒಬ್ಬರ ಖಾತೆಗೆ ಖರ್ಚಾದರೆ, ಅದರ ಜಮೆ ಇನ್ನೊಬ್ಬರ ಖಾತೆಗೆ ಬೀಳಬಹುದು.

ಆಡಳಿತ ಮಂಡಳಿಯ ಖಾತೆ

ಈಗ ಇನ್ನೊಂದು ಮಾರ್ಗವನ್ನು ನೋಡೋಣ. ಇದರ ಪ್ರಸಿದ್ಧ ಉದಾಹರಣೆ ಅಮೆರಿಕದ್ದು. 2021ರಲ್ಲಿ 'ಎಂಜಿನ್ ನಂ. 1' ಎಂಬ ಪುಟ್ಟ ಹೂಡಿಕೆ ಸಂಸ್ಥೆ ಎಕ್ಸಾನ್‌ಮೊಬಿಲ್ ಕಂಪನಿಯ ಶೇ. 0.02ರಷ್ಟು ಷೇರುಗಳನ್ನಷ್ಟೇ ಹೊಂದಿದ್ದರೂ, ದೊಡ್ಡ ಪಿಂಚಣಿ ನಿಧಿಗಳ ಮನವೊಲಿಸಿ ವಾರ್ಷಿಕ ಮಹಾಸಭೆಯಲ್ಲಿ ತನ್ನ ಮೂವರು ನಿರ್ದೇಶಕರನ್ನು ಗೆಲ್ಲಿಸಿತು. ಜಗತ್ತಿನ ಹಣಕಾಸು ಪತ್ರಿಕೆಗಳು ಇದನ್ನು ಹೊಸ ಯುಗವೆಂದು ಬಣ್ಣಿಸಿದವು. ಅನಂತರ ನಡೆದದ್ದೇನು? 2023ರ ಅಕ್ಟೋಬರ್‌ನಲ್ಲಿ ಅದೇ ಕಂಪನಿ ಸುಮಾರು 6,000 ಕೋಟಿ ಡಾಲರ್ ಮೌಲ್ಯಕ್ಕೆ ಪಯನಿಯರ್ ಎಂಬ ತೈಲ ಸಂಸ್ಥೆಯನ್ನು ಕೊಳ್ಳುವುದಾಗಿ ಪ್ರಕಟಿಸಿತು. 2024ರ ಜನವರಿಯಲ್ಲಿ, ಹವಾಮಾನ ಕುರಿತ ಗೊತ್ತುವಳಿ ಮಂಡಿಸಲು ಹೊರಟ ಷೇರುದಾರರ ಮೇಲೆಯೇ ದಾವೆ ಹೂಡಿತು.

ಬ್ರಿಟನ್ನಿನ ಬಿಪಿ ಕಂಪನಿಯ ಕಥೆಯೂ ಇದಕ್ಕಿಂತ ಭಿನ್ನವಲ್ಲ. 2030ರೊಳಗೆ ತೈಲ ಮತ್ತು ಅನಿಲ ಉತ್ಪಾದನೆಯನ್ನು ಶೇ. 40ರಷ್ಟು ಇಳಿಸುವುದಾಗಿ 2020ರಲ್ಲಿ ಸ್ವಯಂಪ್ರೇರಣೆಯಿಂದ ಘೋಷಿಸಿದ ಈ ಕಂಪನಿ, 2023ರಲ್ಲಿ ಅದನ್ನು ಶೇ. 25ಕ್ಕೆ ತಗ್ಗಿಸಿತು, 2025ರ ಫೆಬ್ರವರಿಯಲ್ಲಿ ಗುರಿಯನ್ನೇ ಕೈಬಿಟ್ಟು ತೈಲ ಹೂಡಿಕೆಯನ್ನು ಹೆಚ್ಚಿಸಿತು. 2021ರಲ್ಲಿ ಆಡಂಬರದಿಂದ ಆರಂಭವಾದ ಬ್ಯಾಂಕುಗಳ ಶೂನ್ಯ ಹೊರಸೂಸುವಿಕೆ ಒಕ್ಕೂಟ 2025ರ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿತು.

ಇದರಲ್ಲಿ ಯಾರನ್ನೂ ವಂಚಕರೆನ್ನುವ ಅಗತ್ಯವಿಲ್ಲ. ತೈಲದ ಬೆಲೆ ಏರಿದಾಗ ಲಾಭಾಂಶ ಕೇಳುವ ಷೇರುದಾರನ ಮುಂದೆ ಸ್ವಯಂಪ್ರೇರಿತ ವಾಗ್ದಾನ ನಿಲ್ಲಲಾರದು. ಕಾನೂನಿನ ಬೆಂಬಲವಿಲ್ಲದ ಹೊಣೆಯನ್ನು ಮುಂದಿನ ಆಡಳಿತ ಮಂಡಳಿ ಯಾವಾಗ ಬೇಕಾದರೂ ಅಳಿಸಿ ಹಾಕಬಹುದು.

ಕಲ್ಲಿದ್ದಲನ್ನು ಓಡಿಸಿದವರಾರು?

ಹಾಗಾದರೆ ನಿಜವಾಗಿ ಫಲ ಕೊಟ್ಟದ್ದು ಯಾವುದು? ಇದಕ್ಕೆ ಉತ್ತರ ನಾಟಿಂಗ್‌ಹ್ಯಾಮ್ ಬಳಿಯ ರಾಟ್‌ಕ್ಲಿಫ್ ವಿದ್ಯುತ್ ಸ್ಥಾವರದಲ್ಲಿ ದೊರೆಯುತ್ತದೆ. 2009ರ ಏಪ್ರಿಲ್‌ನಲ್ಲಿ ಈ ಸ್ಥಾವರಕ್ಕೆ ನುಗ್ಗಿ ಅದನ್ನು ನಿಲ್ಲಿಸಲು ಯೋಜಿಸಿದ್ದ 114 ಮಂದಿಯನ್ನು ಪೊಲೀಸರು ಮುಂಚಿತವಾಗಿಯೇ ಬಂಧಿಸಿದರು. ಸ್ಥಾವರ ಒಂದು ದಿನವೂ ನಿಲ್ಲಲಿಲ್ಲ. ಆದರೆ 2024ರ ಸೆಪ್ಟೆಂಬರ್ 30ರಂದು ಅದೇ ಸ್ಥಾವರ ಶಾಶ್ವತವಾಗಿ ಮುಚ್ಚಿತು. ಅದು ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವಾಗಿತ್ತು. 2012ರಲ್ಲಿ ಆ ದೇಶದ ವಿದ್ಯುತ್ತಿನ ಸುಮಾರು ಶೇ. 40 ಭಾಗ ಕಲ್ಲಿದ್ದಲಿನಿಂದ ಬರುತ್ತಿತ್ತೆಂಬುದನ್ನು ನೆನೆದರೆ ಬದಲಾವಣೆಯ ವೇಗ ತಿಳಿಯುತ್ತದೆ.

ಇದರ ಹಿಂದಿನ ಮುಖ್ಯ ಶಕ್ತಿಗಳಲ್ಲೊಂದು ತೆರಿಗೆ. 2013ರ ಏಪ್ರಿಲ್‌ನಿಂದ ಬ್ರಿಟನ್ ವಿದ್ಯುತ್ ಸ್ಥಾವರಗಳ ಇಂಗಾಲದ ಮೇಲೆ, ಐರೋಪ್ಯ ಮಾರುಕಟ್ಟೆಯ ದರದ ಜೊತೆಗೆ, ತನ್ನದೇ ಶುಲ್ಕ ವಿಧಿಸಿತು. 2015ರಲ್ಲಿ ಅದು ಟನ್ನಿಗೆ ಸುಮಾರು 18 ಪೌಂಡಿಗೆ ಏರಿತು. ಒಂದು ಸಾವಿರ ಯೂನಿಟ್ ವಿದ್ಯುತ್ತಿಗೆ ಕಲ್ಲಿದ್ದಲು ಸ್ಥಾವರ ಸುಮಾರು 0.9 ಟನ್, ಅನಿಲ ಸ್ಥಾವರ ಸುಮಾರು 0.4 ಟನ್ ಇಂಗಾಲದ ಡೈಆಕ್ಸೈಡನ್ನು ಹೊರಸೂಸುತ್ತದೆಂದು ಹಿಡಿಯಿರಿ. ಶುಲ್ಕದ ಹೊರೆ ಮೊದಲನೆಯದಕ್ಕೆ 16 ಪೌಂಡು, ಎರಡನೆಯದಕ್ಕೆ 7 ಪೌಂಡು. ಈ 9 ಪೌಂಡುಗಳ ಅಂತರವೇ ಕಲ್ಲಿದ್ದಲಿನ ಲಾಭವನ್ನು ನುಂಗಿತು. ಯಾವ ಘೋಷಣೆಯೂ ಇಲ್ಲದೆ ಸ್ಥಾವರಗಳು ಒಂದೊಂದಾಗಿ ನಿಂತವು. 2017ರ ಹೊತ್ತಿಗೆ ಕಲ್ಲಿದ್ದಲಿನ ಪಾಲು ಶೇ. 7ಕ್ಕೆ ಇಳಿದಿತ್ತು. ಐರೋಪ್ಯ ಮಾಲಿನ್ಯ ನಿಯಮಗಳು ಮತ್ತು ಪವನ ವಿದ್ಯುತ್ತಿನ ಬೆಳವಣಿಗೆಯೂ ಇದಕ್ಕೆ ನೆರವಾದವು. 2015ರಲ್ಲೇ ಸರ್ಕಾರ ಕಲ್ಲಿದ್ದಲಿಗೆ ಕೊನೆಯ ಗಡುವು ಸೂಚಿಸಿದ್ದರಿಂದ ಕಾರ್ಮಿಕರ ಮರುತರಬೇತಿಗೆ ಕಾಲಾವಕಾಶವೂ ದೊರೆಯಿತು.

ಆದರೆ ಇಲ್ಲಿಗೆ ಲೆಕ್ಕ ಮುಗಿಸಿದರೆ ಅದು ಪಕ್ಷಪಾತವಾದೀತು. ಕಿಂಗ್ಸ್‌ನಾರ್ತ್‌ನಲ್ಲಿ ಹೊಸ ಕಲ್ಲಿದ್ದಲು ಸ್ಥಾವರ ಕಟ್ಟುವ ಯೋಜನೆಯ ವಿರುದ್ಧ 2007ರಲ್ಲಿ ಗ್ರೀನ್‌ಪೀಸ್ ಕಾರ್ಯಕರ್ತರು ಚಿಮಣಿ ಏರಿದರು. 2008ರಲ್ಲಿ ಜ್ಯೂರಿ ಅವರನ್ನು ದೋಷಮುಕ್ತಗೊಳಿಸಿತು. 2009ರಲ್ಲಿ ಕಂಪನಿ ಯೋಜನೆಯನ್ನು ಮುಂದೂಡಿತು. ಕಂಪನಿ ಕೊಟ್ಟ ಕಾರಣ ಆರ್ಥಿಕ ಹಿಂಜರಿತದಿಂದ ಕುಸಿದ ಬೇಡಿಕೆ. ಆದರೆ ಆಗ ಆ ಸ್ಥಾವರ ಎದ್ದಿದ್ದರೆ, ಹತ್ತಾರು ವರ್ಷಗಳ ಸಾಲ ಹೊತ್ತ ಹೊಸ ಆಸ್ತಿಯನ್ನು ಮುಚ್ಚಿಸುವುದು ಯಾವ ಸರ್ಕಾರಕ್ಕೂ ಸುಲಭವಾಗುತ್ತಿರಲಿಲ್ಲ. ಹಳೆಯ, ಸವಕಳಿ ಮುಗಿದ ಸ್ಥಾವರಗಳಷ್ಟೇ ಉಳಿದಿದ್ದರಿಂದ ಶುಲ್ಕದ ಏಟು ನಾಟಿತು. ಆ ವಿಳಂಬದಲ್ಲಿ ಪ್ರತಿಭಟನಕಾರರ ಪಾಲನ್ನು ಸೊನ್ನೆಯೆಂದು ಬರೆಯಲಾಗದು.

ಮೂರನೆಯ ಮಾರ್ಗವೊಂದನ್ನೂ ಇಲ್ಲಿ ಸ್ಮರಿಸಬೇಕು. ಬ್ರಿಟನ್ನಿನ ಎಲ್ಲ ಹವಾಮಾನ ಕ್ರಮಗಳಿಗೆ ಬುನಾದಿಯಾದ 2008ರ ಹವಾಮಾನ ಕಾಯಿದೆಗೆ ಒತ್ತಾಯಿಸಿದ್ದು 2005ರಲ್ಲಿ ಫ್ರೆಂಡ್ಸ್ ಆಫ್ ದಿ ಅರ್ಥ್ ಆರಂಭಿಸಿದ ಅಭಿಯಾನ. ಕಾರ್ಯಕರ್ತರು ತಮ್ಮ ತಮ್ಮ ಸಂಸದರಿಗೆ ಪತ್ರ ಬರೆದರು, ಭೇಟಿ ಮಾಡಿದರು. 400ಕ್ಕೂ ಹೆಚ್ಚು ಸಂಸದರು ಬೆಂಬಲ ಸೂಚಿಸಿ ಸಹಿ ಹಾಕಿದರು. ಒಂದು ರಸ್ತೆಯನ್ನೂ ತಡೆಯದೆ, ಒಂದು ಷೇರನ್ನೂ ಕೊಳ್ಳದೆ ಪಡೆದ ಫಲವಿದು.

ನಮಗೇನು ಸಂಬಂಧ?

ದೂರದ ಲಂಡನ್ನಿನ ಈ ಲೆಕ್ಕ ಪೀಣ್ಯದ ಅಥವಾ ಬೆಳಗಾವಿಯ ಉದ್ಯಮಿಗೆ ಏಕೆ ಬೇಕೆಂದು ಕೆಲವರು ಕೇಳಬಹುದು. ಐರೋಪ್ಯ ಒಕ್ಕೂಟದ ಗಡಿ ಇಂಗಾಲ ವ್ಯವಸ್ಥೆಯು 2023ರ ಅಕ್ಟೋಬರ್‌ನಿಂದ ಮಾಹಿತಿ ಸಲ್ಲಿಕೆಗೆ ಸೀಮಿತವಾಗಿದ್ದು, 2026ರ ಜನವರಿ 1ರಿಂದ ಹಣದ ಹೊಣೆಯಾಗಿ ಮಾರ್ಪಟ್ಟಿದೆ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟುಗಳಷ್ಟೇ ಅಲ್ಲದೆ ಉಕ್ಕಿನ ಬೋಲ್ಟು, ನಟ್ಟು, ತಿರುಪುಗಳೂ ಇದರ ವ್ಯಾಪ್ತಿಗೆ ಬರುತ್ತವೆ. ವರ್ಷಕ್ಕೆ 50 ಟನ್ನಿಗಿಂತ ಕಡಿಮೆ ಆಮದು ಮಾಡುವ ಅಲ್ಲಿನ ಖರೀದಿದಾರರಿಗೆ ವಿನಾಯಿತಿಯಿದೆ. ಉಳಿದವರು ನಮ್ಮ ರಫ್ತುದಾರರಿಂದ ಇಂಗಾಲದ ಲೆಕ್ಕ ಕೇಳುತ್ತಾರೆ. ಲೆಕ್ಕ ಕೊಡದಿದ್ದರೆ, ಸಾಮಾನ್ಯವಾಗಿ ಹೆಚ್ಚಿನ ಹೊರೆಯಾಗುವ ನಿಗದಿತ ಅಂದಾಜನ್ನು ಅನ್ವಯಿಸಲಾಗುತ್ತದೆ. ಬ್ರಿಟನ್ ಕೂಡ 2027ರ ಜನವರಿಯಿಂದ ಇಂಥದೇ ವ್ಯವಸ್ಥೆಗೆ ನಿರ್ಧರಿಸಿದೆ. ನಮ್ಮಲ್ಲಿಯೂ ಸೆಬಿಯ ನಿಯಮದಂತೆ 2022-23ರಿಂದ ಅಗ್ರ ಒಂದು ಸಾವಿರ ಲಿಸ್ಟೆಡ್ ಕಂಪನಿಗಳು ಪರಿಸರ ಹೊಣೆಗಾರಿಕೆಯ ವರದಿ ನೀಡುತ್ತಿದ್ದು, ಅವು ತಮ್ಮ ಪೂರೈಕೆದಾರರನ್ನೂ ವಿವರ ಕೇಳುವ ಪದ್ಧತಿ ಬೆಳೆಯುತ್ತಿದೆ.

ಈ ಕಾನೂನುಗಳನ್ನು ರೂಪಿಸುವಾಗ ಹೊರಗೆ ಚಳವಳಿಕಾರರಿದ್ದರು, ಒಳಗೆ ದೊಡ್ಡ ಕಂಪನಿಗಳ ಪ್ರತಿನಿಧಿಗಳಿದ್ದರು. ಸಣ್ಣ ಉತ್ಪಾದಕನ ಧ್ವನಿ ಎರಡೂ ಕಡೆ ಕ್ಷೀಣವಾಗಿತ್ತು. ಹೊರೆ ಮಾತ್ರ ಅವನ ಬಾಗಿಲಿಗೂ ಬಂದಿದೆ.

ಒಟ್ಟಾರೆಯಾಗಿ ಹೇಳುವುದಾದರೆ, ಬೀದಿಯ ಗದ್ದಲವು ಪ್ರಶ್ನೆಯನ್ನು ಮೇಜಿನ ಮೇಲೆ ತಂದಿಡಬಲ್ಲದು. ಆಡಳಿತ ಮಂಡಳಿಯು ಉತ್ತರವನ್ನು ಕಾರ್ಯಗತಗೊಳಿಸಬಲ್ಲದು. ನಡುವಿನ ಕಾನೂನು ಮತ್ತು ದರ ಇಲ್ಲದಿದ್ದರೆ ಎರಡೂ ವ್ಯರ್ಥ. ಆದ್ದರಿಂದ ನಮ್ಮ ವಾಣಿಜ್ಯ ಸಂಸ್ಥೆಗಳು ಕರಡು ನಿಯಮಗಳು ಪ್ರಕಟವಾದಾಗಲೇ ಸಣ್ಣ ಘಟಕಗಳ ಪರವಾಗಿ ಅಂಕಿ-ಅಂಶಸಹಿತ ಅಭಿಪ್ರಾಯ ಸಲ್ಲಿಸುವುದು ಅವಶ್ಯ. ಸದಸ್ಯ ಮಿತ್ರರು ಈ ಆರ್ಥಿಕ ವರ್ಷದಿಂದಲೇ ತಾವು ತಯಾರಿಸುವ ಪ್ರತಿ ಟನ್ ಸರಕಿಗೆ ಬಳಕೆಯಾದ ವಿದ್ಯುತ್, ಡೀಸೆಲ್, ಕಲ್ಲಿದ್ದಲು ಮತ್ತು ಕಚ್ಚಾ ಉಕ್ಕಿನ ಪ್ರತ್ಯೇಕ ಪುಸ್ತಕವಿಡುವುದು ಒಳಿತು. ಮೀಟರಿನ ಓದು ಮತ್ತು ಖರೀದಿ ಬಿಲ್ಲುಗಳು ಹೇಗೂ ಕಚೇರಿಯಲ್ಲಿರುತ್ತವೆ. ಅವನ್ನು ತಿಂಗಳಿಗೊಮ್ಮೆ ಒಂದೆಡೆ ಬರೆದಿಟ್ಟುಕೊಂಡ ಘಟಕಕ್ಕೆ, ಖರೀದಿದಾರನ ಪ್ರಶ್ನಾವಳಿ ಬಂದ ದಿನ ಅನ್ಯರ ಅಂದಾಜಿಗೆ ತಲೆಬಾಗುವ ಪ್ರಸಂಗ ಬಾರದು.