ಏರಿ ಚಿಕ್ಕದು, ಕೆರೆ ದೊಡ್ಡದು

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ತುಂಬಿದರೆ ನೀರು ಸುಮಾರು 6,500 ಎಕರೆಗೆ ಹರಡುತ್ತದೆ. ಅಷ್ಟನ್ನೂ ತಡೆದು ನಿಲ್ಲಿಸಿರುವ ಏರಿಯ ಉದ್ದ ಮಾತ್ರ ಸುಮಾರು 950 ಅಡಿ. ಶಾಲೆಯ ಗೋಡೆಯಲ್ಲಿ ತೂಗುವ ಜಿಲ್ಲಾ ನಕ್ಷೆಯಲ್ಲಿ ಈ ಕೆರೆ ಒಂದು ನೀಲಿ ಮಚ್ಚೆ. ಏರಿಯನ್ನು ಅಲ್ಲೇ ಏಕೆ ಕಟ್ಟಿದರು ಎಂದು ಮಕ್ಕಳು ಕೇಳಿದರೆ ಅದರಲ್ಲಿ ಉತ್ತರವಿಲ್ಲ.

ಟ್ಯಾಬ್‌ನಲ್ಲಿ ಉತ್ತರವಿದೆ. ಗೂಗಲ್ ಅರ್ಥ್ ತೆರೆದು ಎರಡು ಬೆರಳನ್ನು ಒಟ್ಟಿಗೆ ಸರಿಸಿದರೆ ನೆಲ ಓರೆಯಾಗಿ, ಗುಡ್ಡಗಳು ಎದ್ದು ನಿಲ್ಲುತ್ತವೆ. ಹರಿದ್ರಾವತಿ ಹಳ್ಳ ಎರಡು ಗುಡ್ಡಗಳ ನಡುವೆ ನುಸುಳಿ ಹೊರಬೀಳುವ ಕಿಂಡಿ ಆಗ ಕಾಣುತ್ತದೆ. ಶಾಂತವ್ವೆ ಕಟ್ಟಿಸಿದಳೆಂದು ಜನ ಹೇಳುವ ಏರಿ ಇರುವುದು ಆ ಕಿಂಡಿಗೆ ಅಡ್ಡಲಾಗಿ. ಉಪಗ್ರಹವಿಲ್ಲದ ಕಾಲದಲ್ಲಿ ಈ ಜಾಗ ಆರಿಸಿದವರ ನೆಲದ ಅರಿವು ಎಂಥದ್ದೆಂದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.

ನಕ್ಷೆಗೆ ಗುಡ್ಡದ ಎತ್ತರ ಗೊತ್ತಾದದ್ದು ಹೇಗೆ? ಇಂಥ ನಕ್ಷೆಗಳಿಗೆ ದೊಡ್ಡ ಆಧಾರ 2000ದ ಫೆಬ್ರುವರಿಯ ಒಂದು ಯಾನ. ಎಂಡೆವರ್ ಎಂಬ ಬಾಹ್ಯಾಕಾಶ ನೌಕೆ 11 ದಿನ ಭೂಮಿಯನ್ನು ಸುತ್ತಿ, ನೆಲಕ್ಕೆ ರೇಡಾರ್ ಅಲೆ ಬಿಟ್ಟಿತು. ಮರಳಿದ ಅಲೆಯನ್ನು ಹಿಡಿಯಲು ನೌಕೆಯಲ್ಲೊಂದು, 60 ಮೀಟರ್ ಉದ್ದದ ಕಂಬದ ತುದಿಯಲ್ಲಿ ಇನ್ನೊಂದು ಆಂಟೆನಾ ಇದ್ದವು. ಎರಡಕ್ಕೂ ಬಂದ ಅಲೆಗಳ ನಡುವಿನ ಸೂಕ್ಷ್ಮ ವ್ಯತ್ಯಾಸದಿಂದ ಎತ್ತರ ಲೆಕ್ಕಕ್ಕೆ ಸಿಕ್ಕಿತು.

ಆನ್‌ಲೈನ್ ನಕ್ಷೆ ಇಡಿಯಾಗಿ ಟ್ಯಾಬ್‌ಗೆ ಇಳಿಯುವುದಿಲ್ಲ. ಸಾಮಾನ್ಯವಾಗಿ ಅದನ್ನು ಚೌಕ ತುಂಡುಗಳಾಗಿ ಕತ್ತರಿಸಿಟ್ಟಿರುತ್ತಾರೆ. ಒಂದೊಂದು ಹಂತ ಹತ್ತಿರವಾದಾಗಲೂ ತುಂಡುಗಳು ನಾಲ್ಕು ಪಟ್ಟಾಗುತ್ತವೆ. ಹದಿನೈದನೇ ಹಂತದಲ್ಲಿ ಇಡೀ ಭೂಮಿಗೆ 107 ಕೋಟಿ ತುಂಡು. ಪರದೆಗೆ ಬೇಕಾದಷ್ಟನ್ನೇ ಟ್ಯಾಬ್ ತರಿಸಿಕೊಳ್ಳುತ್ತದೆ. ನೆಟ್‌ವರ್ಕ್ ನಿಧಾನವಿದ್ದರೆ ಮೊದಲು ಮಸುಕು, ಆಮೇಲೆ ಒಂದೊಂದೇ ಚೌಕ ತಿಳಿಯಾಗುವುದು ಇದರಿಂದಲೇ.

ಮೇಷ್ಟ್ರು ಸಿದ್ದನ ತೂಬು, ಬಸವನ ತೂಬು, ಕೆಳಗಿನ ಗದ್ದೆ ಬಯಲು, ಹರಿಹರದ ಬಳಿ ಹಳ್ಳ ತುಂಗಭದ್ರೆ ಸೇರುವ ಜಾಗ, ಹೀಗೆ ಗುರುತು ನೆಟ್ಟು, ಪಟ ಮತ್ತು ಎರಡು ಸಾಲು ವಿವರಣೆ ಸೇರಿಸಿದರೆ ಪಾಠ ಸಿದ್ಧ. ಮುಟ್ಟಿದಂತೆಲ್ಲ ನಕ್ಷೆಯೇ ಮುಂದಿನ ಜಾಗಕ್ಕೆ ಒಯ್ಯುತ್ತದೆ. ಇಸ್ರೋದ ನಕ್ಷೆ ತಾಣ ‘ಭುವನ್’ ಕೂಡ 2009ರಿಂದ ಇದೆ. ಅದರಲ್ಲಿ ಶಾಲೆಗಳಿಗೆಂದೇ ಒಂದು ವಿಭಾಗವಿದೆ. ಹೊನ್ನಾಳಿಯ ಮಕ್ಕಳು ಹೊಳೆದಂಡೆಯನ್ನೂ ಜಗಳೂರಿನವರು ತಮ್ಮ ಒಣಭೂಮಿಯ ಕೆರೆಗಳನ್ನೂ ಹೀಗೇ ಜೋಡಿಸಬಹುದು.

ಆದರೆ ಈ ನಕ್ಷೆಗಳು ತೋರಿಸುವುದು ನೀರಿನ ಹರವನ್ನು, ಆಳವನ್ನಲ್ಲ. ತಳದಲ್ಲಿ ಹೂಳು ಎಷ್ಟು ಕೂತಿದೆ ಎಂಬುದಕ್ಕೆ ಮಕ್ಕಳು ಬೇಸಿಗೆಯಲ್ಲಿ ಕೆರೆಯಂಗಳಕ್ಕೇ ಹೋಗಬೇಕು, ಅಲ್ಲಿನ ಮೀನುಗಾರರನ್ನೂ ಅಚ್ಚುಕಟ್ಟಿನ ರೈತರನ್ನೂ ಕೇಳಬೇಕು.